ಟೈಪ್ 2 ಮಧುಮೇಹ: ಕಿಡ್ನಿ ಉಳಿಸಿಕೊಳ್ಳಲು ರಕ್ತನಾಳಗಳಿಂದಲೇ ಆರಂಭಿಸಿ

ಟೈಪ್ 2 ಮಧುಮೇಹ ಇರುವವರಲ್ಲಿ ಅನೇಕರು ಸಕ್ಕರೆಯ ಅಂಕಿಗಳನ್ನು ಶ್ರದ್ಧೆಯಿಂದ ಬರೆದಿಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಎಷ್ಟಿತ್ತು, ಊಟವಾದ ಎರಡು ಗಂಟೆಗೆ ಎಷ್ಟಾಯಿತು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಷ್ಟು ಬಂತು ಎಂದು ಕೇಳಿದರೆ ತಡವರಿಸದೆ ಹೇಳುತ್ತಾರೆ. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಹೋಗುತ್ತಿದೆ ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಅಪರೂಪ. ಕಿಡ್ನಿಯ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೂ ಮೊದಲನೆಯದರಷ್ಟೇ ಮುಖ್ಯವಾದದ್ದು. ಟೈಪ್ 2 ಮಧುಮೇಹಿಗಳಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಹಂತದ ಮೂತ್ರಪಿಂಡದ ಕಾಯಿಲೆ ಬರುತ್ತದೆ. ಆರಂಭದ ವರ್ಷಗಳಲ್ಲಿ ಅದಕ್ಕೆ ನೋವಿಲ್ಲ, ಉರಿಯಿಲ್ಲ, ಹೊರಗೆ ಕಾಣುವ ಯಾವ ಗುರುತೂ ಇಲ್ಲ. ಕಾಲು ಊದಿಕೊಂಡು, ಹಸಿವು ಸತ್ತು, ಮೈ ತುರಿಕೆ ಶುರುವಾಗುವ ಹೊತ್ತಿಗೆ ಮೂತ್ರಪಿಂಡದ ಬಹುಪಾಲು ಶಕ್ತಿ ಹೋಗಿರುತ್ತದೆ.

ಮಧುಮೇಹದಿಂದ ಬರುವ ಕಿಡ್ನಿ ಕಾಯಿಲೆ ಮೂಲತಃ ಸಣ್ಣ ರಕ್ತನಾಳಗಳ ಕಾಯಿಲೆ. ಇದನ್ನು ಸರಿಯಾಗಿ ಗ್ರಹಿಸಿದರೆ ಮುಂದಿನ ಪ್ರತಿಯೊಂದು ಹೆಜ್ಜೆಯ ಕಾರಣವೂ ತಾನಾಗಿಯೇ ಅರ್ಥವಾಗುತ್ತದೆ. ಸಕ್ಕರೆಯೊಂದನ್ನೇ ಹಿಡಿತದಲ್ಲಿಟ್ಟರೆ ಏಕೆ ಸಾಲದು ಎಂಬುದೂ ತಿಳಿಯುತ್ತದೆ. ಔಷಧಿ ಆರಂಭಿಸುವುದು, ನಿಲ್ಲಿಸುವುದು, ಪ್ರಮಾಣ ಬದಲಿಸುವುದು ನಿಮ್ಮ ವೈದ್ಯರ ಜೊತೆ ಮಾತಾಡಿಯೇ ಆಗಬೇಕಾದ ಕೆಲಸ. ಅವರೊಡನೆ ಏನು ಮಾತಾಡಬೇಕು, ಯಾವ ಪರೀಕ್ಷೆ ಕೇಳಬೇಕು, ಬಂದ ವರದಿಯನ್ನು ಹೇಗೆ ಓದಬೇಕು, ಮನೆಯಲ್ಲಿ ಏನು ಪಾಲಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದೆ.

ಮೊದಲಿಗೆ, ಒಳಗೆ ನಡೆಯುವುದೇನು

ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು, ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಲೀಟರ್, ಎರಡು ಮೂತ್ರಪಿಂಡಗಳ ಮೂಲಕ ಹರಿಯುತ್ತದೆ. ಪ್ರತಿ ಮೂತ್ರಪಿಂಡದಲ್ಲಿ ಸರಾಸರಿ 10 ಲಕ್ಷದಷ್ಟು ನೆಫ್ರಾನ್ ಎಂಬ ಸೋಸುವ ಘಟಕಗಳಿದ್ದು, ಪ್ರತಿಯೊಂದರ ತುದಿಯಲ್ಲೂ ಗ್ಲೊಮೆರುಲಸ್ ಎಂಬ ಲೋಮನಾಳಗಳ ಪುಟ್ಟ ಉಂಡೆ ಇರುತ್ತದೆ. ರಕ್ತ ಈ ಉಂಡೆಯೊಳಕ್ಕೆ ಒಂದು ಕಿರುನಾಳದಿಂದ ಬಂದು ಇನ್ನೊಂದರಿಂದ ಹೊರಹೋಗುತ್ತದೆ. ಆ ನಡುವಿನ ಒತ್ತಡದಲ್ಲಿ ನೀರು, ಲವಣ, ಕಶ್ಮಲಗಳು ಸೋಸಿ ಇಳಿಯುತ್ತವೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಹೀಗೆ ಸೋಸಿ ಇಳಿದು, ಅದರಲ್ಲಿ ಬಹುತೇಕ ಎಲ್ಲವೂ ಮತ್ತೆ ರಕ್ತಕ್ಕೆ ಹೀರಲ್ಪಟ್ಟು, ಕೊನೆಗೆ ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬರುತ್ತದೆ.

ಸೋಸುವ ಗೋಡೆಗೆ ಮೂರು ಪದರಗಳಿವೆ: ಲೋಮನಾಳದ ಒಳಪದರವಾದ ಎಂಡೋಥೀಲಿಯಂ, ಅದರ ಹೊರಗಿನ ತೆಳುಪೊರೆ, ಮತ್ತು ಆ ಪೊರೆಯನ್ನು ಹೊರಗಿನಿಂದ ಬೆರಳುಗಳಂತಹ ಚಾಚುಗಳಿಂದ ಹಿಡಿದುಕೊಂಡಿರುವ ಪೋಡೋಸೈಟ್ ಕೋಶಗಳು. ಅಲ್ಬುಮಿನ್ ರಕ್ತದಲ್ಲೇ ಉಳಿಯುವಂತೆ ನೋಡಿಕೊಳ್ಳುವುದು ಈ ಮೂರೂ ಸೇರಿದ ಗೋಡೆ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಒಳಪದರ ತನ್ನ ನಯವನ್ನು ಕಳೆದುಕೊಳ್ಳುತ್ತದೆ, ಪೊರೆ ದಪ್ಪವಾಗುತ್ತದೆ, ಪೋಡೋಸೈಟ್‌ಗಳು ಕಳಚಿ ಬೀಳುತ್ತವೆ. ಒಮ್ಮೆ ಕಳಚಿದ ಪೋಡೋಸೈಟ್‌ನ ಜಾಗಕ್ಕೆ ಹೊಸದು ಬರುವುದು ತೀರ ಕಡಿಮೆ. ಚಿಕಿತ್ಸೆಯನ್ನು ಬೇಗ ಆರಂಭಿಸಬೇಕು ಎಂದು ಮತ್ತೆ ಮತ್ತೆ ಹೇಳುವುದಕ್ಕೆ ಇದೇ ಮುಖ್ಯ ಕಾರಣ.

ಇದರ ಜೊತೆಗೆ ಒತ್ತಡದ ಪ್ರಶ್ನೆಯೂ ಇದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ಮೂತ್ರನಾಳಿಕೆಗಳು ಸೋಸಿ ಬಂದ ಸಕ್ಕರೆಯನ್ನೂ ಅದರೊಂದಿಗೆ ಸೋಡಿಯಂ ಅನ್ನೂ ಹೆಚ್ಚು ಹೆಚ್ಚಾಗಿ ವಾಪಸು ಹೀರುತ್ತವೆ. ಮುಂದೆ ಸಾಗುವ ದ್ರವದಲ್ಲಿ ಸೋಡಿಯಂ ಕಡಿಮೆಯಾಗಿರುವುದನ್ನು ಕಂಡ ಮೂತ್ರಪಿಂಡ, ಸೋಸುವಿಕೆ ಸಾಲದಾಗಿದೆ ಎಂದು ತಿಳಿದು, ಗ್ಲೊಮೆರುಲಸ್‌ಗೆ ರಕ್ತ ತರುವ ನಾಳವನ್ನು ಅಗಲಗೊಳಿಸುತ್ತದೆ. ಅತ್ತ ಆಂಜಿಯೋಟೆನ್ಸಿನ್ ಎಂಬ ರಾಸಾಯನಿಕ ಹೊರಹೋಗುವ ನಾಳವನ್ನು ಬಿಗಿಗೊಳಿಸಿರುತ್ತದೆ. ಬರುವ ದಾರಿ ಅಗಲ, ಹೋಗುವ ದಾರಿ ಕಿರಿದು ಎಂದಾದಾಗ ನಡುವಿನ ಲೋಮನಾಳಗಳ ಮೇಲೆ ಹಗಲಿರುಳೂ ಅತಿಯಾದ ಒತ್ತಡ ಬೀಳುತ್ತದೆ. ಹೀಗಾಗಿಯೇ ಕಾಯಿಲೆಯ ಮೊದಲ ವರ್ಷಗಳಲ್ಲಿ ಕೆಲವರ ಕಿಡ್ನಿ ಸಹಜಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತಿರುವಂತೆ ವರದಿಯಲ್ಲಿ ಕಾಣುತ್ತದೆ. ಅದು ಆರೋಗ್ಯದ ಲಕ್ಷಣವಲ್ಲ. ಮುಂದೆ ಹೇಳಲಿರುವ ಎರಡು ಬಗೆಯ ಔಷಧಿಗಳು ಸರಿಯಾಗಿ ಈ ಎರಡು ನಾಳಗಳ ಮೇಲೆಯೇ ಕೆಲಸ ಮಾಡುತ್ತವೆ, ಆದ್ದರಿಂದ ಈ ಭಾಗವನ್ನು ನೆನಪಿನಲ್ಲಿಟ್ಟುಕೊಳ್ಳಿ.

ಎರಡು ಪರೀಕ್ಷೆಗಳನ್ನು ಕೇಳಿ ಮಾಡಿಸಿಕೊಳ್ಳಿ

ಟೈಪ್ 2 ಮಧುಮೇಹ ಪತ್ತೆಯಾಗುವ ಎಷ್ಟೋ ವರ್ಷ ಮೊದಲೇ ಆರಂಭವಾಗಿರಬಹುದು. ಆದ್ದರಿಂದ ಕಿಡ್ನಿಯ ಪರೀಕ್ಷೆಯನ್ನು ಕಾಯಿಲೆ ಪತ್ತೆಯಾದ ದಿನಗಳಲ್ಲೇ ಮಾಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆಯಾದರೂ ತಪ್ಪದೆ ಮಾಡಿಸಬೇಕು. ಪರೀಕ್ಷೆಗಳು ಎರಡು, ಮತ್ತು ಒಂದು ಇನ್ನೊಂದರ ಬದಲಿ ಅಲ್ಲ.

ಮೊದಲನೆಯದು ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ಬರುವ ಒಂದು ಕಶ್ಮಲ); ಚೀಟಿಯಲ್ಲಿ ಇದನ್ನು ಯುಎಸಿಆರ್ ಅಥವಾ ಎಸಿಆರ್ ಎಂದು ಬರೆಯುತ್ತಾರೆ. 24 ಗಂಟೆಯ ಮೂತ್ರ ಕೂಡಿಡುವ ಅಗತ್ಯವಿಲ್ಲ, ಒಂದು ಸಲದ ಮಾದರಿ ಸಾಕು, ಬೆಳಗಿನ ಮೊದಲ ಮೂತ್ರವಾದರೆ ಉತ್ತಮ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಅಲ್ಬುಮಿನ್ ಇದ್ದರೆ ಸಹಜ. 30ರಿಂದ 300ರವರೆಗೆ ಮಧ್ಯಮ ಏರಿಕೆ. 300ಕ್ಕಿಂತ ಮೇಲಿದ್ದರೆ ತೀವ್ರ ಏರಿಕೆ. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಬಣ್ಣದ ಪಟ್ಟಿ ಅದ್ದಿ ನೋಡಿ ‘ಪ್ರೋಟೀನ್ ಇಲ್ಲ’ ಎಂದು ಬರೆಯುತ್ತಾರಲ್ಲ, ಅದನ್ನು ನೆಚ್ಚಿಕೊಳ್ಳಬೇಡಿ. ಆರಂಭದ ಹಂತದ ಸಣ್ಣ ಸೋರಿಕೆ ಆ ಪಟ್ಟಿಯ ಕಣ್ಣಿಗೆ ಬೀಳುವುದಿಲ್ಲ, ಮತ್ತು ಚಿಕಿತ್ಸೆಯಿಂದ ಹೆಚ್ಚು ಲಾಭವಾಗುವುದು ಆ ಹಂತದಲ್ಲೇ.

ಒಮ್ಮೆ ಅಂಕಿ ಏರಿದೆ ಎಂದು ಎದೆಗುಂದಬೇಕಿಲ್ಲ. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಕಠಿಣ ವ್ಯಾಯಾಮ, ಬಹಳ ಏರಿದ ಸಕ್ಕರೆ ಅಥವಾ ರಕ್ತದೊತ್ತಡ, ಇವುಗಳಿಂದಲೂ ಅಲ್ಬುಮಿನ್ ತಾತ್ಕಾಲಿಕವಾಗಿ ಏರುತ್ತದೆ. ಮೂರರಿಂದ ಆರು ತಿಂಗಳೊಳಗೆ ಮಾಡಿಸಿದ ಮೂರು ಪರೀಕ್ಷೆಗಳಲ್ಲಿ ಎರಡರಲ್ಲಿ ಏರಿಕೆ ಕಂಡರೆ ಮಾತ್ರ ಅದನ್ನು ಖಚಿತವೆಂದು ಪರಿಗಣಿಸುತ್ತಾರೆ.

ಎರಡನೆಯದು ರಕ್ತದ ಕ್ರಿಯಾಟಿನಿನ್ ಮತ್ತು ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್, ಅಂದರೆ ಮೂತ್ರಪಿಂಡಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿವೆ ಎಂಬ ಅಂದಾಜು. ಇಲ್ಲಿ ಒಂದು ದೊಡ್ಡ ಬಲೆ ಇದೆ. ಕ್ರಿಯಾಟಿನಿನ್ ಬರುವುದು ಸ್ನಾಯುಗಳಿಂದ. ಆದ್ದರಿಂದ ಸ್ನಾಯು ಕಡಿಮೆ ಇರುವ ವಯಸ್ಸಾದವರಲ್ಲಿ, ಹೆಂಗಸರಲ್ಲಿ, ಕಿಡ್ನಿ ಸಾಕಷ್ಟು ಸೋತಿದ್ದರೂ ಅಂಕಿ ಸಹಜದ ಗೆರೆಯೊಳಗೇ ಕಾಣಬಹುದು. ಒಂದು ಉದಾಹರಣೆ ನೋಡಿ. 30 ವರ್ಷದ ಗಂಡಸಿನ ಮತ್ತು 65 ವರ್ಷದ ಹೆಂಗಸಿನ ವರದಿಗಳೆರಡರಲ್ಲೂ ಕ್ರಿಯಾಟಿನಿನ್ 1.2 ಎಂದೇ ಬಂದಿದೆ ಎಂದುಕೊಳ್ಳೋಣ. ಈಗ ವ್ಯಾಪಕವಾಗಿ ಬಳಕೆಯಲ್ಲಿರುವ 2021ರ ಸಿಕೆಡಿ-ಎಪಿಐ ಸೂತ್ರದಂತೆ ಲೆಕ್ಕ ಹಾಕಿದರೆ ಆ ಗಂಡಸಿನ ಇಜಿಎಫ್‌ಆರ್ ಸುಮಾರು 83, ಆ ಹೆಂಗಸಿನದು ಸುಮಾರು 50. ಒಬ್ಬರದು ಬಹುಮಟ್ಟಿಗೆ ಸಹಜ. ಇನ್ನೊಬ್ಬರದು, ಮೂರು ತಿಂಗಳ ನಂತರವೂ ಹಾಗೆಯೇ ಉಳಿದರೆ, ಮೂರನೇ ಹಂತದ ಕಿಡ್ನಿ ಕಾಯಿಲೆ. ವರದಿಯಲ್ಲಿ ಇಜಿಎಫ್‌ಆರ್ ಬರೆದಿಲ್ಲವಾದರೆ ಲೆಕ್ಕ ಹಾಕಿಕೊಡಲು ಕೇಳಿ. ‘ಕ್ರಿಯಾಟಿನಿನ್ ನಾರ್ಮಲ್ ಇದೆ’ ಎಂಬ ಒಂದು ಮಾತಿಗೆ ಸಮಾಧಾನಪಟ್ಟುಕೊಂಡು ಏಳಬೇಡಿ.

ಹಂತಗಳನ್ನು ಹೀಗೆ ಗುರುತಿಸುತ್ತಾರೆ: 90 ಮತ್ತು ಮೇಲೆ ಒಂದನೇ ಹಂತ, 60ರಿಂದ 89 ಎರಡನೇ ಹಂತ, 30ರಿಂದ 59 ಮೂರನೇ ಹಂತ (ಇದನ್ನು 45ರ ಗೆರೆಯಲ್ಲಿ ಮತ್ತೆ ಎರಡಾಗಿ ಒಡೆಯುತ್ತಾರೆ), 15ರಿಂದ 29 ನಾಲ್ಕನೇ ಹಂತ, 15ಕ್ಕಿಂತ ಕೆಳಗೆ ಐದನೆಯದು. ಮೊದಲ ಎರಡು ಹಂತಗಳನ್ನು ಕಾಯಿಲೆ ಎನ್ನಬೇಕಾದರೆ ಅಲ್ಬುಮಿನ್ ಸೋರಿಕೆಯಂತಹ ಬೇರೊಂದು ಸಾಕ್ಷಿಯೂ ಇರಬೇಕು. ಇಜಿಎಫ್‌ಆರ್ 85 ಇದ್ದು ಅಲ್ಬುಮಿನ್ 400 ಇರುವವರು ‘ನನ್ನ ಕಿಡ್ನಿ ಚೆನ್ನಾಗಿದೆ’ ಎಂದು ತಿಳಿದಿರುವ ಸಾಧ್ಯತೆ ಹೆಚ್ಚು. ವಾಸ್ತವದಲ್ಲಿ ಅವರಿಗೆ ಕಿಡ್ನಿಯ ಅಪಾಯವೂ ಹೃದಯದ ಅಪಾಯವೂ ಗಣನೀಯವಾಗಿರುತ್ತದೆ. ಅಲ್ಬುಮಿನ್ ಸೋರಿಕೆ ದೇಹದ ಉಳಿದೆಡೆಯ ರಕ್ತನಾಳಗಳ ಒಳಪದರವೂ ಕೆಟ್ಟಿರುವುದರ ಸೂಚನೆ ಎಂಬುದೇ ಇದಕ್ಕೆ ಕಾರಣ. ಎರಡೂ ಅಂಕಿಗಳನ್ನು ದಿನಾಂಕ ಸಹಿತ ಒಂದೇ ಪುಟದಲ್ಲಿ ಸಾಲಾಗಿ ಬರೆಯುತ್ತಾ ಹೋಗಿ. ಒಂದು ಬಿಡಿ ವರದಿಗಿಂತ ಮೂರು ವರ್ಷದ ಸಾಲು ವೈದ್ಯರಿಗೆ ಎಷ್ಟೋ ಹೆಚ್ಚು ಹೇಳುತ್ತದೆ.

ರಕ್ತದೊತ್ತಡವನ್ನು ಸಕ್ಕರೆಯಷ್ಟೇ ಗಂಭೀರವಾಗಿ ನೋಡಿ

ಬ್ರಿಟನ್‌ನಲ್ಲಿ ನಡೆದ ಯುಕೆಪಿಡಿಎಸ್ ಎಂಬ ದೀರ್ಘ ಅಧ್ಯಯನದ ಫಲಿತಾಂಶಗಳು 1998ರಲ್ಲಿ ಹೊರಬಂದವು. ಟೈಪ್ 2 ಮಧುಮೇಹಿಗಳ ಒಂದು ಗುಂಪಿನಲ್ಲಿ ಸರಾಸರಿ ರಕ್ತದೊತ್ತಡ 154/87 ಇದ್ದು, ಇನ್ನೊಂದು ಗುಂಪಿನಲ್ಲಿ ಅದನ್ನು 144/82ಕ್ಕೆ ಇಳಿಸಲಾಗಿತ್ತು. ಇಷ್ಟು ಅಂತರಕ್ಕೇ ಎರಡನೆಯ ಗುಂಪಿನಲ್ಲಿ ಸಣ್ಣ ರಕ್ತನಾಳಗಳ ತೊಡಕುಗಳು ಶೇಕಡಾ 37ರಷ್ಟು ಕಡಿಮೆಯಾದವು. ಅದೇ ಅಧ್ಯಯನದಲ್ಲಿ ಎಚ್‌ಬಿಎ1ಸಿಯನ್ನು 7.9ರ ಬದಲು 7.0ರಲ್ಲಿ ಇರಿಸಿದ್ದಕ್ಕೆ ಆ ತೊಡಕುಗಳು ಶೇಕಡಾ 25ರಷ್ಟು ತಗ್ಗಿದ್ದವು. ಎರಡೂ ಬೇಕು, ಆದರೆ ಬಿಪಿಯನ್ನು ‘ಸ್ವಲ್ಪ ಜಾಸ್ತಿ ಇದೆ, ಇರಲಿ’ ಎಂದು ಬಿಡುವ ಅಭ್ಯಾಸ ಕಿಡ್ನಿಗೆ ಮಾಡುವ ಹಾನಿ ಎಷ್ಟೆಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಇಂದು ಬಹುತೇಕ ಮಧುಮೇಹಿಗಳಿಗೆ 130/80ಕ್ಕಿಂತ ಕೆಳಗಿನ ಗುರಿ ಇಡುತ್ತಾರೆ. ಕಿಡ್ನಿ ಕಾಯಿಲೆ ಇರುವವರು ತಾಳಿಕೊಳ್ಳಬಲ್ಲರಾದರೆ ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗೆ ತರಬಹುದು ಎಂಬ ಸಲಹೆಯೂ ಇದೆ. ವಯಸ್ಸಾದವರಿಗೆ, ಎದ್ದು ನಿಂತಾಗ ತಲೆಸುತ್ತು ಬರುವವರಿಗೆ ಗುರಿ ಸಡಿಲಿಸಬೇಕಾಗುತ್ತದೆ. ಮಧುಮೇಹದಿಂದ ನರಗಳು ಕೆಟ್ಟವರಲ್ಲಿ ನಿಂತಾಗ ಬಿಪಿ ತಟ್ಟನೆ ಇಳಿಯುವುದರಿಂದ ನಿಂತುಕೊಂಡೂ ಒಮ್ಮೆ ಅಳೆಸಿಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ ಅಳೆಯುವವರು ಕ್ರಮ ತಪ್ಪಿದರೆ ಅಂಕಿಗೆ ಅರ್ಥವಿಲ್ಲ. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ತಂಬಾಕು, ವ್ಯಾಯಾಮ ಬೇಡ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತದೆ ಬರಿಯ ತೋಳಿಗೆ ಸುತ್ತಿ, ತೋಳು ಹೃದಯದ ಮಟ್ಟದಲ್ಲಿರುವಂತೆ ಮೇಜಿನ ಮೇಲಿಡಿ. ಮಾತಾಡಬೇಡಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಎರಡನ್ನೂ ಬರೆದುಕೊಳ್ಳಿ. ವೈದ್ಯರನ್ನು ಕಾಣುವ ಹಿಂದಿನ ವಾರ ಬೆಳಿಗ್ಗೆ ಸಂಜೆ ಹೀಗೆ ಅಳೆದ ಪಟ್ಟಿಯನ್ನು ಜೊತೆಗೆ ಒಯ್ಯಿರಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣಿಸುತ್ತದೆ, ಆದ್ದರಿಂದ ಪಟ್ಟಿಯ ಅಳತೆಯನ್ನು ಕೊಳ್ಳುವಾಗಲೇ ನೋಡಿ.

ಸಕ್ಕರೆಯ ಗುರಿ, ಮತ್ತು ತಾನಾಗಿ ಇಳಿಯುವ ಸಕ್ಕರೆ

ಬಹಳಷ್ಟು ಜನರಿಗೆ ಎಚ್‌ಬಿಎ1ಸಿ 7ರ ಆಸುಪಾಸು ಸೂಕ್ತ. ಸಕ್ಕರೆ ಕುಸಿಯುವ ಅಪಾಯ ಇರುವವರಿಗೆ, ಹೃದಯದ ಕಾಯಿಲೆ ಮುಂದುವರಿದವರಿಗೆ, ವೃದ್ಧರಿಗೆ 8ರವರೆಗೂ ಬಿಡುವುದುಂಟು. ಮಧುಮೇಹ ಬಂದ ಮೊದಲ ವರ್ಷಗಳಲ್ಲಿ ಬಿಗಿಯಾದ ಹಿಡಿತ ಇಟ್ಟರೆ ಅದರ ಲಾಭ ಮುಂದೆ ಬಹುಕಾಲ ಉಳಿಯುತ್ತದೆ ಎಂಬುದು ಯುಕೆಪಿಡಿಎಸ್‌ನ ಮುಂದುವರಿದ ಅವಲೋಕನದಲ್ಲಿ ಕಂಡಿತು.

ಇಲ್ಲೊಂದು ವಿಷಯವನ್ನು ಮನೆಯವರೆಲ್ಲರೂ ತಿಳಿದಿರಬೇಕು. ಇನ್ಸುಲಿನ್ ಅನ್ನು ದೇಹದಿಂದ ತೆಗೆದುಹಾಕುವ ಕೆಲಸದಲ್ಲಿ ಮೂತ್ರಪಿಂಡಕ್ಕೆ ದೊಡ್ಡ ಪಾಲಿದೆ. ಕಿಡ್ನಿ ಸೋತಂತೆ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಸಕ್ಕರೆ ಇಳಿಸುವ ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆಗಳ ಪರಿಣಾಮವೂ ಹಾಗೆಯೇ ಉದ್ದವಾಗುತ್ತದೆ. ಪರಿಣಾಮವಾಗಿ, ಊಟ ಔಷಧಿ ಏನೂ ಬದಲಾಗದಿದ್ದರೂ ಸಕ್ಕರೆ ಇಳಿಯತೊಡಗುತ್ತದೆ. ‘ಸಕ್ಕರೆ ಕಾಯಿಲೆ ವಾಸಿಯಾಗುತ್ತಿದೆ’ ಎಂದು ಸಂತೋಷಪಡುವಂತೆ ಕಾಣುವ ಈ ಬದಲಾವಣೆ ಕಿಡ್ನಿ ಕುಗ್ಗುತ್ತಿರುವುದರ ಗುರುತಾಗಿರಬಹುದು. ಕಾರಣವಿಲ್ಲದೆ ಸಕ್ಕರೆ ಕುಸಿಯತೊಡಗಿದರೆ, ಬೆವರು, ನಡುಕ, ಗಲಿಬಿಲಿ ಮರುಕಳಿಸಿದರೆ, ಕೂಡಲೇ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಔಷಧಿಯ ಪ್ರಮಾಣವನ್ನು ಮರುಪರಿಶೀಲಿಸಿಕೊಳ್ಳಬೇಕು.

ಮೆಟ್‌ಫಾರ್ಮಿನ್ ಕಿಡ್ನಿ ಕೆಡಿಸುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ಅದು ನಿಜವಲ್ಲ. ಆದರೆ ಕಿಡ್ನಿ ಕೆಟ್ಟಾಗ ಮೆಟ್‌ಫಾರ್ಮಿನ್ ದೇಹದಲ್ಲಿ ಸಂಗ್ರಹವಾಗಿ ರಕ್ತದಲ್ಲಿ ಆಮ್ಲ ಹೆಚ್ಚಬಹುದು. ಆ ಕಾರಣಕ್ಕೆ ಇಜಿಎಫ್‌ಆರ್ 45ಕ್ಕಿಂತ ಕೆಳಗಿಳಿದಾಗ ಪ್ರಮಾಣ ತಗ್ಗಿಸುತ್ತಾರೆ, 30ಕ್ಕಿಂತ ಕೆಳಗೆ ನಿಲ್ಲಿಸುತ್ತಾರೆ. ಇನ್ನು, ಕಿಡ್ನಿ ಕಾಯಿಲೆ ಮುಂದುವರಿದು ರಕ್ತಹೀನತೆ ಬಂದಾಗ ಎಚ್‌ಬಿಎ1ಸಿ ನಿಜಕ್ಕಿಂತ ಕಡಿಮೆ ತೋರಿಸುವುದುಂಟು, ಆಗ ಬೆರಳು ಚುಚ್ಚಿ ನೋಡುವ ಅಂಕಿಗಳೇ ಹೆಚ್ಚು ನಂಬಿಕೆಗೆ ಅರ್ಹ.

ಕಿಡ್ನಿಯನ್ನು ಕಾಯುವ ಔಷಧಿಗಳ ಬಗ್ಗೆ ಕೇಳಿ

2001ರ ತನಕ ಮಧುಮೇಹಿಯ ಕಿಡ್ನಿಗೆ ಎಂದು ಟೈಪ್ 2ರಲ್ಲಿ ಗಟ್ಟಿ ಸಾಕ್ಷ್ಯವಿದ್ದ ಔಷಧಿ ಇರಲಿಲ್ಲ. ಆ ವರ್ಷ ಲೊಸಾರ್ಟನ್ ಮತ್ತು ಇರ್ಬೆಸಾರ್ಟನ್ ಕುರಿತ ಎರಡು ದೊಡ್ಡ ಪ್ರಯೋಗಗಳು ಪ್ರಕಟವಾದವು. ಈ ‘ಸಾರ್ಟನ್’ ಗುಂಪಿನವು, ಮತ್ತು ರಾಮಿಪ್ರಿಲ್, ಎನಲಾಪ್ರಿಲ್‌ನಂತಹ ‘ಪ್ರಿಲ್’ ಗುಂಪಿನವು, ಆಂಜಿಯೋಟೆನ್ಸಿನ್‌ನ ಹಿಡಿತ ಬಿಡಿಸಿ ಗ್ಲೊಮೆರುಲಸ್‌ನಿಂದ ಹೊರಹೋಗುವ ನಾಳವನ್ನು ಸಡಿಲಿಸುತ್ತವೆ. ಬಿಪಿ ಹೆಚ್ಚಿದ್ದು ಅಲ್ಬುಮಿನ್ ಸೋರುತ್ತಿರುವವರಿಗೆ ಇವೆರಡರಲ್ಲಿ ಒಂದನ್ನು ತಾಳಿಕೊಳ್ಳಬಲ್ಲ ಗರಿಷ್ಠ ಪ್ರಮಾಣದವರೆಗೆ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ಕೊಡಬಾರದು: ಹಾಗೆ ಕೊಟ್ಟು ನೋಡಿದ ಪ್ರಯೋಗವೊಂದನ್ನು ಪೊಟ್ಯಾಸಿಯಂ ಏರಿಕೆ ಮತ್ತು ಹಠಾತ್ ಕಿಡ್ನಿ ಹಾನಿಯ ಕಾರಣಕ್ಕೆ ನಡುವೆಯೇ ನಿಲ್ಲಿಸಬೇಕಾಯಿತು. ಆರಂಭಿಸಿದ ಎರಡರಿಂದ ನಾಲ್ಕು ವಾರಗಳಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷಿಸಬೇಕು. ಒಳಗಿನ ಒತ್ತಡ ಇಳಿದಿದ್ದರಿಂದ ಕ್ರಿಯಾಟಿನಿನ್ ಶೇಕಡಾ 30ರವರೆಗೆ ಏರುವುದು ನಿರೀಕ್ಷಿತವೇ, ಅದನ್ನು ಕಂಡು ಹೆದರಿ ಮಾತ್ರೆ ಬಿಟ್ಟುಬಿಡುವುದು ಸರಿಯಲ್ಲ. ಅದಕ್ಕಿಂತ ಹೆಚ್ಚು ಏರಿದರೆ ಮೂತ್ರಪಿಂಡಕ್ಕೆ ಹೋಗುವ ದೊಡ್ಡ ಅಪಧಮನಿಯೇ ಕಿರಿದಾಗಿರಬಹುದೇ ಎಂದು ವೈದ್ಯರು ಹುಡುಕುತ್ತಾರೆ.

ಮುಂದಿನ ದೊಡ್ಡ ಹೆಜ್ಜೆಗೆ ಸುಮಾರು ಎರಡು ದಶಕ ಕಾಯಬೇಕಾಯಿತು. ಕ್ಯಾನಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಎಸ್‌ಜಿಎಲ್‌ಟಿ2 ಗುಂಪಿನ ಮಾತ್ರೆಗಳು ಮೂತ್ರನಾಳಿಕೆ ಸಕ್ಕರೆಯನ್ನೂ ಸೋಡಿಯಂ ಅನ್ನೂ ಹೀರುವುದನ್ನು ತಡೆಯುತ್ತವೆ; ಅದರಿಂದ ಅಗಲವಾಗಿದ್ದ ಒಳಬರುವ ನಾಳ ಮತ್ತೆ ಬಿಗಿಯಾಗುತ್ತದೆ. 2019ರಲ್ಲಿ ಪ್ರಕಟವಾದ ಕ್ರೆಡೆನ್ಸ್ ಪ್ರಯೋಗದಲ್ಲಿ ಕ್ಯಾನಾಗ್ಲಿಫ್ಲೋಜಿನ್ ತೆಗೆದುಕೊಂಡ ಟೈಪ್ 2 ಮಧುಮೇಹಿಗಳಲ್ಲಿ ಕಿಡ್ನಿ ವೈಫಲ್ಯ, ಕ್ರಿಯಾಟಿನಿನ್ ಇಮ್ಮಡಿಯಾಗುವುದು, ಕಿಡ್ನಿ ಅಥವಾ ಹೃದಯದ ಕಾರಣಕ್ಕೆ ಸಾವು, ಇವುಗಳ ಒಟ್ಟು ಅಪಾಯ ಶೇಕಡಾ 30ರಷ್ಟು ಕಡಿಮೆಯಾಯಿತು. ಇಜಿಎಫ್‌ಆರ್ 20ರವರೆಗೆ ಇಳಿದಿದ್ದರೂ ಇವನ್ನು ಆರಂಭಿಸಬಹುದು. ಕಿಡ್ನಿ ಸೋತಂತೆ ಇವುಗಳ ಸಕ್ಕರೆ ಇಳಿಸುವ ಶಕ್ತಿ ಕುಂದುತ್ತದೆ, ಕಿಡ್ನಿ ಕಾಯುವ ಗುಣ ಉಳಿಯುತ್ತದೆ. ‘ಸಕ್ಕರೆ ಇಳಿಯಲಿಲ್ಲ, ಮಾತ್ರೆ ದಂಡ’ ಎಂದು ತೀರ್ಮಾನಿಸುವವರು ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಬೇಕು. ಜನನಾಂಗದ ಭಾಗದಲ್ಲಿ ಶಿಲೀಂಧ್ರದ ಸೋಂಕು ಇವುಗಳ ಸಾಮಾನ್ಯ ತೊಂದರೆ. ಆ ಭಾಗವನ್ನು ತೊಳೆದು ಒಣಗಿಸಿಟ್ಟುಕೊಂಡರೆ ಬಹುಮಟ್ಟಿಗೆ ತಪ್ಪುತ್ತದೆ. ವಿರಳವಾದರೂ ಗಂಭೀರವಾದದ್ದು ಕೀಟೋಆಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಹೆಚ್ಚುವ ಸ್ಥಿತಿ: ಸಕ್ಕರೆ ಅಷ್ಟೇನೂ ಏರದೆಯೇ ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನೆರಡು ಔಷಧಿಗಳ ಹೆಸರನ್ನು ತಿಳಿದಿರಿ. ಅಲ್ಬುಮಿನ್ ಇನ್ನೂ ಸೋರುತ್ತಿದ್ದು ಪೊಟ್ಯಾಸಿಯಂ ಸಹಜವಾಗಿದ್ದರೆ ಫೈನೆರೆನೋನ್ ಸೇರಿಸಬಹುದು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, 2024ರಲ್ಲಿ ಪ್ರಕಟವಾದ ಫ್ಲೋ ಪ್ರಯೋಗದಲ್ಲಿ, ಕಿಡ್ನಿಯ ಪ್ರಮುಖ ಅನಾಹುತಗಳನ್ನು ಶೇಕಡಾ 24ರಷ್ಟು ತಗ್ಗಿಸಿತು. ಎಲ್ಲರಿಗೂ ಎಲ್ಲವೂ ಬೇಕಿಲ್ಲ. ಆದರೆ ಅಲ್ಬುಮಿನ್ ಸೋರುತ್ತಿದ್ದರೂ ಚೀಟಿಯಲ್ಲಿ ಸಕ್ಕರೆಯ ಮಾತ್ರೆ ಮಾತ್ರ ಇದ್ದರೆ, ‘ಕಿಡ್ನಿಯನ್ನು ರಕ್ಷಿಸುವ ಔಷಧಿ ನನಗೆ ಸೂಕ್ತವೇ, ಅಲ್ಲವಾದರೆ ಏಕೆ’ ಎಂದು ಸಂಕೋಚವಿಲ್ಲದೆ ಕೇಳಿ. ಗರ್ಭ ಧರಿಸುವ ಯೋಚನೆ ಇರುವ ಹೆಣ್ಣುಮಕ್ಕಳು ಅದನ್ನು ಮುಂಚಿತವಾಗಿಯೇ ವೈದ್ಯರಿಗೆ ಹೇಳಬೇಕು; ಕಿಡ್ನಿ ಕಾಯುವ ಈ ಔಷಧಿಗಳಲ್ಲಿ ಯಾವುದೂ ಗರ್ಭಾವಸ್ಥೆಗೆ ಸಲ್ಲುವುದಿಲ್ಲ.

ಊಟ, ತಂಬಾಕು, ಕೊಬ್ಬು

ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಸುಮಾರು ಒಂದು ಟೀ ಚಮಚ. ಅಡುಗೆಗೆ ಹಾಕಿದ್ದಲ್ಲದೆ ಅಂಗಡಿಯ ತಿಂಡಿಗಳಲ್ಲಿ ಅಡಗಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಉಪ್ಪು ಹೆಚ್ಚಿದರೆ ಪ್ರಿಲ್, ಸಾರ್ಟನ್ ಮಾತ್ರೆಗಳ ಗುಣವೂ ತಗ್ಗುತ್ತದೆ. ‘ಕಡಿಮೆ ಸೋಡಿಯಂ’ ಎಂದು ಮಾರುವ ಬದಲಿ ಉಪ್ಪುಗಳಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುವುದರಿಂದ ಕಿಡ್ನಿ ಸೋತವರು ಕೇಳದೆ ಬಳಸಬಾರದು. ಪ್ರೋಟೀನ್ ದೇಹತೂಕದ ಪ್ರತಿ ಕಿಲೋಗೆ 0.8 ಗ್ರಾಂನಷ್ಟು ಸಾಕು: 60 ಕಿಲೋ ತೂಕದವರಿಗೆ ದಿನಕ್ಕೆ 48 ಗ್ರಾಂ. ಕಿಡ್ನಿ ಕಾಯಿಲೆ ಎಂದ ಕೂಡಲೇ ಪ್ರೋಟೀನ್ ಪೂರ್ತಿ ಬಿಟ್ಟು ಸ್ನಾಯು ಕರಗಿಸಿಕೊಳ್ಳುವುದು ಬೇಡ, ಪ್ರೋಟೀನ್ ಪುಡಿಗಳೂ ಬೇಡ. ಡಯಾಲಿಸಿಸ್ ಆರಂಭವಾದ ಮೇಲೆ ಈ ಲೆಕ್ಕ ಬದಲಾಗಿ ಹೆಚ್ಚು ಪ್ರೋಟೀನ್ ಬೇಕಾಗುತ್ತದೆ.

ತಂಬಾಕು ಯಾವ ರೂಪದಲ್ಲಿದ್ದರೂ ಬಿಡಲೇಬೇಕು. ವಾರಕ್ಕೆ ಒಟ್ಟು 150 ನಿಮಿಷದಷ್ಟು ಚುರುಕಾದ ನಡಿಗೆ ಅಥವಾ ಅಂತಹ ವ್ಯಾಯಾಮ ಇರಲಿ. ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಮಧುಮೇಹದ ಜೊತೆ ಕಿಡ್ನಿ ಕಾಯಿಲೆಯೂ ಇರುವ ಹೆಚ್ಚಿನ ವಯಸ್ಕರಿಗೆ ಸೂಚಿಸುತ್ತಾರೆ, ಏಕೆಂದರೆ ಅವರಲ್ಲಿ ಬಹಳ ಮಂದಿಯ ಜೀವಕ್ಕೆ ಡಯಾಲಿಸಿಸ್‌ನ ಹಂತಕ್ಕೂ ಮೊದಲೇ ಹೃದಯದಿಂದ ಅಪಾಯ ಬರುತ್ತದೆ.

ಇವೆಲ್ಲವನ್ನೂ ಒಟ್ಟಿಗೆ ಮಾಡುವುದರ ಫಲ ಎಷ್ಟು ಎಂಬುದನ್ನು ಡೆನ್ಮಾರ್ಕ್‌ನ ಸ್ಟೆನೋ-2 ಅಧ್ಯಯನ ತೋರಿಸಿಕೊಟ್ಟಿದೆ. ಅಲ್ಬುಮಿನ್ ಸೋರಿಕೆ ಆರಂಭವಾಗಿದ್ದ 160 ಟೈಪ್ 2 ಮಧುಮೇಹಿಗಳಲ್ಲಿ ಅರ್ಧದಷ್ಟು ಜನರಿಗೆ ಸಕ್ಕರೆ, ಬಿಪಿ, ಕೊಬ್ಬು, ಊಟ, ವ್ಯಾಯಾಮ ಎಲ್ಲವನ್ನೂ ಸುಮಾರು ಎಂಟು ವರ್ಷ ಬಿಗಿಯಾಗಿ ನೋಡಿಕೊಂಡರು. ಆರಂಭದಿಂದ 21 ವರ್ಷಗಳ ನಂತರ ನೋಡಿದಾಗ ಆ ಗುಂಪಿನವರು ಉಳಿದವರಿಗಿಂತ 7.9 ವರ್ಷ ಹೆಚ್ಚು ಬದುಕಿದ್ದರು. ಈ ಅಧ್ಯಯನ ನಡೆದಾಗ ಇಂದಿನ ಹೊಸ ಔಷಧಿಗಳು ಯಾವುವೂ ಇರಲಿಲ್ಲ ಎಂಬುದನ್ನು ಸೇರಿಸಿ ಹೇಳಬೇಕು.

ನೋವಿನ ಮಾತ್ರೆ, ವಾಂತಿ-ಭೇದಿಯ ದಿನಗಳು

ನಿಧಾನವಾಗಿ ಇಳಿಯುತ್ತಿರುವ ಕಿಡ್ನಿಯನ್ನು ಒಂದೇ ವಾರದಲ್ಲಿ ಕೆಳಕ್ಕೆ ತಳ್ಳುವ ಕಾರಣಗಳಲ್ಲಿ ಇವೆರಡು ಮುಖ್ಯವಾದವು, ಮತ್ತು ಎರಡನ್ನೂ ತಡೆಯಬಹುದು. ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರಾಕ್ಸೆನ್‌ನಂತಹ ಮಾತ್ರೆಗಳು ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ಕುಗ್ಗಿಸುತ್ತವೆ. ಸಾರ್ಟನ್ ಅಥವಾ ಪ್ರಿಲ್ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಅವುಗಳ ಮೇಲೆ ಈ ನೋವಿನ ಮಾತ್ರೆ, ಹೀಗೆ ಮೂರೂ ಸೇರಿದರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ. ಮಂಡಿನೋವಿಗೆಂದು ಅಂಗಡಿಯಲ್ಲಿ ಕೇಳಿ ಪಡೆಯುವ ಮಾತ್ರೆಯ ಹೆಸರನ್ನು ಓದಿ ನೋಡಿ; ಪ್ಯಾರಾಸಿಟಮಾಲ್ ಸರಿಯಾದ ಪ್ರಮಾಣದಲ್ಲಿ ಕಿಡ್ನಿಗೆ ಹೆಚ್ಚು ಸುರಕ್ಷಿತ. ಒಳಗೇನಿದೆ ಎಂದು ತಿಳಿಯದ ಪುಡಿ, ಕಷಾಯ, ಭಸ್ಮಗಳಲ್ಲಿ ಸೀಸ, ಪಾದರಸದಂತಹ ಲೋಹಗಳಿದ್ದು ಕಿಡ್ನಿ ಕೆಟ್ಟ ಪ್ರಕರಣಗಳು ದಾಖಲಾಗಿವೆ.

ವಾಂತಿ, ಭೇದಿ, ತೀವ್ರ ಜ್ವರದಿಂದ ದೇಹದ ನೀರು ಬತ್ತಿದಾಗ ಕೆಲವು ಔಷಧಿಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ: ಎಸ್‌ಜಿಎಲ್‌ಟಿ2 ಮಾತ್ರೆ, ಮೆಟ್‌ಫಾರ್ಮಿನ್, ಸಾರ್ಟನ್ ಅಥವಾ ಪ್ರಿಲ್, ಮೂತ್ರ ಹೆಚ್ಚಿಸುವ ಮಾತ್ರೆ. ಯಾವುದನ್ನು ನಿಲ್ಲಿಸಬೇಕು, ಎಷ್ಟು ದಿನ, ಮತ್ತೆ ಯಾವಾಗ ಆರಂಭಿಸಬೇಕು ಎಂಬುದನ್ನು ಚೆನ್ನಾಗಿರುವಾಗಲೇ ವೈದ್ಯರಿಂದ ಬರೆಸಿಕೊಂಡು ಔಷಧಿ ಡಬ್ಬಿಯಲ್ಲಿಟ್ಟುಕೊಳ್ಳಿ. ಸಾಮಾನ್ಯವಾಗಿ ಊಟ ನೀರು ಸರಿಯಾಗಿ ಸೇರತೊಡಗಿದ ಒಂದೆರಡು ದಿನಗಳಲ್ಲಿ ಮರಳಿ ಆರಂಭಿಸುತ್ತಾರೆ. ಇನ್ಸುಲಿನ್ ಅನ್ನು ಮಾತ್ರ ನೀವಾಗಿಯೇ ಪೂರ್ತಿ ನಿಲ್ಲಿಸಬಾರದು. ಶಸ್ತ್ರಚಿಕಿತ್ಸೆ ಅಥವಾ ಬಣ್ಣದ ದ್ರವ ಚುಚ್ಚಿ ಮಾಡುವ ಸ್ಕ್ಯಾನ್ ನಿಗದಿಯಾಗಿದ್ದರೆ ನಿಮ್ಮ ಇಜಿಎಫ್‌ಆರ್ ಎಷ್ಟು, ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ಅಲ್ಲಿಯವರಿಗೆ ಮೊದಲೇ ತಿಳಿಸಿ.

ಕಣ್ಣು ಮತ್ತು ಕಾಲು

ಕಣ್ಣಿನ ಹಿಂಪದರದ ಸಣ್ಣ ನಾಳಗಳು ಮತ್ತು ಗ್ಲೊಮೆರುಲಸ್‌ನ ನಾಳಗಳು ಒಂದೇ ಬಗೆಯಲ್ಲಿ ಕೆಡುತ್ತವೆ. ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಮಾಡುವ ಕಣ್ಣಿನ ಪರೀಕ್ಷೆ ಕಿಡ್ನಿಯ ವೈದ್ಯರಿಗೂ ಉಪಯುಕ್ತ: ಕಣ್ಣು ಸಂಪೂರ್ಣ ಸಹಜವಾಗಿದ್ದು ಅಲ್ಬುಮಿನ್ ತಟ್ಟನೆ ಬಹಳ ಏರಿದ್ದರೆ, ಅಥವಾ ಮೂತ್ರದಲ್ಲಿ ರಕ್ತವೂ ಇದ್ದರೆ, ಕಿಡ್ನಿಯ ತೊಂದರೆಗೆ ಮಧುಮೇಹವಲ್ಲದೆ ಬೇರೆ ಕಾರಣವಿರಬಹುದೆಂದು ಬಯಾಪ್ಸಿಯ ಯೋಚನೆ ಮಾಡುತ್ತಾರೆ. ಪಾದಗಳನ್ನು ದಿನವೂ ಬೆಳಕಿನಲ್ಲಿ ನೋಡಿಕೊಳ್ಳಿ. ನಡೆದಾಗ ಮೀನಖಂಡ ಹಿಡಿದು, ನಿಂತರೆ ಬಿಡುವ ನೋವು ಕಾಲಿನ ಅಪಧಮನಿ ಕಿರಿದಾಗಿರುವ ಲಕ್ಷಣ.

ಕಿಡ್ನಿ ತಜ್ಞರ ಬಳಿಗೆ ಯಾವಾಗ

ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ, ವರ್ಷಕ್ಕೆ 5ಕ್ಕಿಂತ ಹೆಚ್ಚು ವೇಗದಲ್ಲಿ ಇಳಿಯುತ್ತಿದ್ದರೆ, ಅಲ್ಬುಮಿನ್ 300ಕ್ಕಿಂತ ಮೇಲೆಯೇ ನಿಂತರೆ, ಪೊಟ್ಯಾಸಿಯಂ ಮತ್ತೆ ಮತ್ತೆ ಏರಿದರೆ, ಮೂರು ನಾಲ್ಕು ಔಷಧಿ ಕೊಟ್ಟರೂ ಬಿಪಿ ಇಳಿಯದಿದ್ದರೆ ನೆಫ್ರಾಲಜಿಸ್ಟ್‌ರನ್ನು ಕಾಣಲೇಬೇಕು. ಅವರ ಬಳಿ ಹೋಗುವುದೆಂದರೆ ಡಯಾಲಿಸಿಸ್‌ಗೆ ಹೋಗುವುದೆಂದೇ ತಿಳಿದು ಮುಂದೂಡುವವರು ಅನೇಕರು. ಬೇಗ ಹೋದವರಿಗೆ ಡಯಾಲಿಸಿಸ್ ಮುಂದೂಡುವ ಅವಕಾಶ ಹೆಚ್ಚು; ತಡವಾಗಿ ಹೋದವರು ತುರ್ತು ಸ್ಥಿತಿಯಲ್ಲಿ ಕುತ್ತಿಗೆಯ ನಾಳಕ್ಕೆ ಕೊಳವೆ ಹಾಕಿಸಿಕೊಂಡು ಆರಂಭಿಸಬೇಕಾಗುತ್ತದೆ, ಅದರಲ್ಲಿ ಸೋಂಕಿನ ಅಪಾಯ ಹೆಚ್ಚು.

ನಾಲ್ಕನೇ ಹಂತ ಮುಟ್ಟಿದವರು ಒಂದು ಕಡೆಯ ತೋಳಿನ ರಕ್ತನಾಳಗಳನ್ನು, ಸಾಮಾನ್ಯವಾಗಿ ಹೆಚ್ಚು ಬಳಸದ ಕೈಯವನ್ನು, ಈಗಿನಿಂದಲೇ ಜೋಪಾನ ಮಾಡಬೇಕು. ಡಯಾಲಿಸಿಸ್ ಬೇಕಾದರೆ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ ಫಿಸ್ಟುಲಾ ಮಾಡುವುದು ಆ ತೋಳಿನಲ್ಲೇ, ಮತ್ತು ಅದು ಬಲಿತು ಬಳಕೆಗೆ ಬರಲು ವಾರಗಳಿಂದ ತಿಂಗಳುಗಳೇ ಬೇಕು. ಪದೇ ಪದೇ ಸೂಜಿ ಚುಚ್ಚಿ, ಗ್ಲೂಕೋಸ್ ಹಾಕಿ ಗಟ್ಟಿಯಾದ ನಾಳ ಈ ಕೆಲಸಕ್ಕೆ ಬರುವುದಿಲ್ಲ. ಯಾವ ಕಾರಣಕ್ಕೆ ಆಸ್ಪತ್ರೆ ಸೇರಿದರೂ ‘ಈ ಕೈಯಲ್ಲಿ ಸೂಜಿ ಬೇಡ, ರಕ್ತವನ್ನು ಆ ಕೈಯಿಂದ, ಅದೂ ಹಿಂಗೈಯಿಂದ ತೆಗೆಯಿರಿ’ ಎಂದು ರೋಗಿಯಾಗಲಿ ಜೊತೆಗಿರುವವರಾಗಲಿ ಹೇಳಬೇಕು. ಕಿಡ್ನಿ ಕಸಿ ಮಾಡಿಸಿಕೊಳ್ಳುವ ಸಾಧ್ಯತೆ ಇರುವವರು ಅದರ ಮಾತನ್ನೂ ಇದೇ ಹಂತದಲ್ಲಿ ಆರಂಭಿಸಬೇಕು. ದಾನಿ ಸಿಕ್ಕರೆ ಡಯಾಲಿಸಿಸ್‌ಗೆ ಹೋಗುವ ಮೊದಲೇ ಕಸಿ ನಡೆಸಲು ಬರುತ್ತದೆ, ಮತ್ತು ದಾನಿಯ ತಪಾಸಣೆಗಳು ಮುಗಿಯಲು ತಿಂಗಳುಗಳು ಹಿಡಿಯುತ್ತವೆ.